ಅಮೆರಿಕದ ಲ್ಯಾಬಿಗೆ ಹೊರಡುವ ಮುಂಚೆ ಗ್ರಾಂಟಿನ ಕೊನೆ ತಾರೀಖು ನೋಡು

ತಂಗಿ, ಅಕ್ಕಾ ಅಂತ ಕರೆದು ಕೇಳಿದ್ದೀಯ, ಅದೇ ಸಲಿಗೆಯಲ್ಲಿ ಉತ್ತರ ಬರೆಯುತ್ತಿದ್ದೇನೆ. ಕೋಲಾರದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಈಗ ಚಿಂತಾಮಣಿಯ ಮನೆಯಲ್ಲಿದ್ದೀಯ. ಅಮೆರಿಕದ ಒಂದು ಮೆಡಿಕಲ್ ಸ್ಕೂಲಿನಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ, ಇನ್ನೊಂದು ಕಡೆ ಫೀಸು ಕಟ್ಟಿ ಓದುವ ಮಾಸ್ಟರ್ಸ್ ಸೀಟೂ ಇದೆ. ನಿಮ್ಮ ಭಾವನವರಿಗೆ ಬೇರೊಂದು ಊರಿನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸದ ಮಾತು ನಡೆದಿದೆ. ಅಲ್ಲಿನ ಸರ್ಕಾರ ಯೂನಿವರ್ಸಿಟಿಗಳ ವೈದ್ಯಕೀಯ ಸಂಶೋಧನೆಗೆ ಕೊಡುವ ದುಡ್ಡು ಕಡಿತ ಮಾಡಿದೆಯಂತೆ, ಬಂದ ಮೇಲೆ ಅರ್ಧದಲ್ಲಿ ಕೈಬಿಟ್ಟರೆ ಏನು ಗತಿ, ಅಪ್ಪ ಜಮೀನಿನ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ, ತೆಗೆಯಬಹುದಾ ಅಂತ ಕೇಳಿದ್ದೀಯ.

ಸಾಲದ ವಿಷಯ ಮೊದಲು ಮುಗಿಸೋಣ. ಅಮೆರಿಕದಲ್ಲಿ ಬಯೋಮೆಡಿಕಲ್ ಪಿಎಚ್‌ಡಿಗೆ ವಿದ್ಯಾರ್ಥಿ ಫೀಸು ಕಟ್ಟುವ ಪದ್ಧತಿ ಇಲ್ಲ. ಫೀಸು ಅವರದೇ, ತಿಂಗಳ ಸ್ಟೈಪೆಂಡ್ ಅವರದೇ, ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅವರದೇ. ನಿನ್ನ ಖರ್ಚು ವೀಸಾ, ವಿಮಾನ, ಮನೆ ಅಡ್ವಾನ್ಸು, ಮೊದಲ ಸಂಬಳ ಕೈಗೆ ಬರುವ ತನಕದ ಊಟ. ಅದಕ್ಕೆ ಮೂರು ನಾಲ್ಕು ಸಾವಿರ ಡಾಲರ್ ಜೊತೆಗಿದ್ದರೆ ಸಾಕು, ಜಮೀನು ಅಡ ಇಡಬೇಕಾಗಿಲ್ಲ. ಪಿಎಚ್‌ಡಿ ಅಂತ ಹೇಳಿ ಫೀಸು ಕೇಳಿದರೆ ಆ ಸೀಟು ಬಿಟ್ಟುಬಿಡು.

ಮಾಸ್ಟರ್ಸ್ ಲೆಕ್ಕವೇ ಬೇರೆ. ಪೂರ್ತಿ ಖರ್ಚು ನಿಮ್ಮ ಮನೆಯದು. ಮುಗಿಸಿದ ಮೇಲೆ ಸಿಗುವ ಕೆಲಸ ಹೆಚ್ಚಾಗಿ ಲ್ಯಾಬ್ ಟೆಕ್ನೀಷಿಯನ್ನೋ ರಿಸರ್ಚ್ ಅಸೋಸಿಯೇಟೋ ಆಗಿರುತ್ತದೆ. ಗ್ರಾಂಟ್, ಅಂದರೆ ಸಂಶೋಧನೆಗೆ ಸಿಗುವ ಅನುದಾನ, ಕಡಿಮೆಯಾದಾಗ ಯೂನಿವರ್ಸಿಟಿಗಳು ಮೊದಲು ನಿಲ್ಲಿಸುವುದು ಈ ನೇಮಕಾತಿಗಳನ್ನೇ. ಲ್ಯಾಬ್ ಕೆಲಸ ಸಿಗುತ್ತದೆ, ಸಾಲ ತೀರಿಸುತ್ತೇನೆ ಅಂತ ನಂಬಿ ಅಪ್ಪನ ಪಹಣಿ ಬ್ಯಾಂಕಿಗೆ ಕೊಡುವ ಕಾಲ ಇದಲ್ಲ. ಈ ಮಾತಿನಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಇನ್ನು ಪಿಎಚ್‌ಡಿ ಸೀಟು. ಬರಬೇಕೋ ಬೇಡವೋ ಅನ್ನುವುದನ್ನು ಯೂನಿವರ್ಸಿಟಿಯ ಹೆಸರಿನ ಮೇಲೆ ತೀರ್ಮಾನ ಮಾಡಬೇಡ. ನಿನ್ನ ಸ್ಟೈಪೆಂಡ್ ಯಾವ ಖಾತೆಯಿಂದ ಬರುತ್ತದೆ, ಆ ಖಾತೆ ಯಾವಾಗ ಮುಗಿಯುತ್ತದೆ, ಮುಗಿದರೆ ಯಾರು ಹೊಣೆ, ಇದು ಗೊತ್ತಾಗಬೇಕು. ಅದಕ್ಕೆ ಅಲ್ಲಿ ದುಡ್ಡು ಹರಿಯುವ ದಾರಿ ಸ್ವಲ್ಪ ಅರ್ಥವಾಗಬೇಕು.

ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ದೊಡ್ಡ ಸರ್ಕಾರಿ ಸಂಸ್ಥೆ ಎನ್‌ಐಎಚ್, ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್. ವರ್ಷದ ಬಜೆಟ್ ಸುಮಾರು 4,800 ಕೋಟಿ ಡಾಲರ್. ಅದರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಎನ್‌ಐಎಚ್ ಆವರಣದ ಹೊರಗೆ, ಯೂನಿವರ್ಸಿಟಿ, ಮೆಡಿಕಲ್ ಸ್ಕೂಲು, ಆಸ್ಪತ್ರೆಗಳಿಗೆ ಗ್ರಾಂಟ್ ರೂಪದಲ್ಲಿ ಹೋಗುತ್ತದೆ. ಲ್ಯಾಬ್ ನಡೆಸುವ ಪ್ರೊಫೆಸರನ್ನು ಅಲ್ಲಿ ಪಿಐ ಅನ್ನುತ್ತಾರೆ. ಪಿಐ ಅರ್ಜಿ ಬರೆಯಬೇಕು, ಬೇರೆ ವಿಜ್ಞಾನಿಗಳು ಓದಿ ಅಂಕ ಹಾಕಬೇಕು, ಮೇಲಿನ ಅಂಕದವರಿಗೆ ಮಾತ್ರ ಹಣ. ಸಾಮಾನ್ಯ ಗ್ರಾಂಟಿನ ಹೆಸರು ಆರ್01, ಅವಧಿ ನಾಲ್ಕೈದು ವರ್ಷ. ಆರ್21 ಅನ್ನುವುದು ಎರಡು ವರ್ಷದ ಸಣ್ಣ ಗ್ರಾಂಟ್, ಒಟ್ಟು 2,75,000 ಡಾಲರ್. ಮೆಡಿಕಲ್ ಸ್ಕೂಲುಗಳಲ್ಲಿ ಪಿಐಯ ಸ್ವಂತ ಸಂಬಳದ ಒಂದು ಪಾಲೂ ಗ್ರಾಂಟಿನಿಂದಲೇ ಬರಬೇಕು. ನಮ್ಮ ಕಡೆಯ ಪ್ರೊಫೆಸರುಗಳ ಹಾಗೆ ಸಂಬಳ ಸರ್ಕಾರದ್ದು, ಪ್ರಾಜೆಕ್ಟ್ ಬಂದರೆ ಲಾಭ, ಬರದಿದ್ದರೆ ನಷ್ಟವಿಲ್ಲ ಅನ್ನುವ ಸ್ಥಿತಿ ಅಲ್ಲಿಲ್ಲ.

ಒಂದು ಆರ್01ನಲ್ಲಿ ಎಷ್ಟು ಜನ ಬದುಕುತ್ತಾರೆ ನೋಡು. ಸರಳ ನಮೂನೆಯ ಅರ್ಜಿಯಲ್ಲಿ ವರ್ಷಕ್ಕೆ 2,50,000 ಡಾಲರ್ ತನಕ ಕೇಳಬಹುದು. ಈ ಮಿತಿ ಹಾಕಿದ್ದು 1999ರಲ್ಲಿ, ಅಲ್ಲಿಂದ ಏರಿಸಿಲ್ಲ. ಪೋಸ್ಟ್‌ಡಾಕ್‌ಗೆ ಎನ್‌ಐಎಚ್ 2025ಕ್ಕೆ ನಿಗದಿ ಮಾಡಿದ ಮೊದಲ ವರ್ಷದ ದರ 62,232 ಡಾಲರ್, ಅದರ ಮೇಲೆ ವಿಮೆ ಮತ್ತಿತರ ಸೌಲಭ್ಯ ಸೇರಿ 80 ಸಾವಿರದ ಹತ್ತಿರ ಬರುತ್ತದೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಸ್ಟೈಪೆಂಡ್, ಫೀಸು, ವಿಮೆಗೆ ಅಂದಾಜು 60 ಸಾವಿರ. ಪಿಐ ಸಂಬಳದ ಪಾಲು ಇನ್ನೊಂದು 60 ಸಾವಿರ ಅಂದುಕೋ. ಉಳಿಯುವುದು 50 ಸಾವಿರ. ಆಂಟಿಬಾಡಿ, ಸೀಕ್ವೆನ್ಸಿಂಗ್, ಇಲಿ, ಪ್ಲಾಸ್ಟಿಕ್ ಸಾಮಾನು ಎಲ್ಲ ಅದರಲ್ಲೇ. ಕಡಿತ ಬರುವ ಮೊದಲೇ ಲೆಕ್ಕ ಇಷ್ಟು ಬಿಗಿ ಇತ್ತು.

ಈಗ ಕಡಿತ. ಟಿವಿಯಲ್ಲಿ ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ನಡೆದದ್ದು ಬೇರೆ ಬೇರೆ ಸಂಗತಿ, ಪ್ರತಿಯೊಂದರ ಪೆಟ್ಟು ಬೇರೆ ಬೇರೆಯವರಿಗೆ ಬೀಳುತ್ತದೆ.

2025ರ ಫೆಬ್ರವರಿ 7ರಂದು ಎನ್‌ಐಎಚ್ ಒಂದು ಪ್ರಕಟಣೆ ಹೊರಡಿಸಿತು: ಗ್ರಾಂಟಿನ ಮೇಲೆ ಯೂನಿವರ್ಸಿಟಿಗೆ ಕೊಡುವ ಪರೋಕ್ಷ ವೆಚ್ಚ ಇನ್ನು ನೂರಕ್ಕೆ 15 ಮಾತ್ರ. ಪರೋಕ್ಷ ವೆಚ್ಚ ಅಂದರೆ ಒಂದು ಪ್ರಯೋಗಕ್ಕೆ ಅಂತ ಬಿಲ್ ಹಾಕಲು ಬಾರದ ಖರ್ಚು. ಕಟ್ಟಡ, ಕರೆಂಟು, ಪ್ರಾಣಿಗೃಹದ ಪಶುವೈದ್ಯರು, ರೋಗಿಗಳ ಮೇಲಿನ ಅಧ್ಯಯನ ಪರಿಶೀಲಿಸುವ ನೈತಿಕ ಸಮಿತಿಯ ಕಚೇರಿ, ವಿಷ ತ್ಯಾಜ್ಯದ ವಿಲೇವಾರಿ, ಲೆಕ್ಕಪತ್ರ. ಮೈನಸ್ 80 ಡಿಗ್ರಿಯ ಹಳೆಯ ಫ್ರೀಜರ್ ಒಂದೇ ದಿನಕ್ಕೆ 15–20 ಯೂನಿಟ್ ಕರೆಂಟು ಎಳೆಯುತ್ತದೆ, ಒಂದು ಮಹಡಿಯಲ್ಲಿ ಅಂಥವು ಹತ್ತಾರು ಇರುತ್ತವೆ. ಎನ್‌ಐಎಚ್ ಪ್ರಕಾರವೇ ಸರಾಸರಿ ದರ ನೂರಕ್ಕೆ 27–28 ಇತ್ತು, ಕೆಲವು ದೊಡ್ಡ ಯೂನಿವರ್ಸಿಟಿಗಳದ್ದು 60 ದಾಟಿತ್ತು. ನೂರಕ್ಕೆ 60 ಅಂದರೆ ಗ್ರಾಂಟಿನಲ್ಲಿ 60 ಪಾಲು ಕಚೇರಿಗೆ ಹೋಗುತ್ತದೆ ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ನೇರ ವೆಚ್ಚದ 100 ಡಾಲರಿನ ಮೇಲೆ ಇನ್ನೂ 60 ಸೇರಿಸಿ ಕೊಡುತ್ತಾರೆ ಅಂತ ಅರ್ಥ. ಅದೂ ದೊಡ್ಡ ಯಂತ್ರ ಮತ್ತು ವಿದ್ಯಾರ್ಥಿಗಳ ಫೀಸನ್ನು ಕಳೆದು ಉಳಿದ ಮೊತ್ತದ ಮೇಲೆ. ಆಡಳಿತದ ಖರ್ಚಿನ ಪಾಲಿಗೆ 1991ರಿಂದಲೇ ನೂರಕ್ಕೆ 26ರ ಮಿತಿ ಇದೆ.

ಲೆಕ್ಕ ಹಾಕಿ ನೋಡು. 2,50,000 ಡಾಲರಿನ ಗ್ರಾಂಟಿನಲ್ಲಿ ಫೀಸು, ಯಂತ್ರ ಕಳೆದು 2,20,000 ಉಳಿಯಿತು ಅನ್ನು. ನೂರಕ್ಕೆ 60ರಂತೆ 1,32,000 ಬರುತ್ತಿತ್ತು. ನೂರಕ್ಕೆ 15 ಅಂದರೆ 33,000. ಒಂದು ಗ್ರಾಂಟಿಗೆ ವರ್ಷಕ್ಕೆ 99,000 ಖೋತಾ. ಅಂಥ 500 ಗ್ರಾಂಟ್ ಇರುವ ಯೂನಿವರ್ಸಿಟಿಗೆ ವರ್ಷಕ್ಕೆ ಸುಮಾರು 5 ಕೋಟಿ ಡಾಲರ್. 22 ರಾಜ್ಯಗಳು ಕೋರ್ಟಿಗೆ ಹೋದವು. ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟು ಮೂರೇ ದಿನದಲ್ಲಿ ತಡೆ ಕೊಟ್ಟಿತು, 2025ರ ಏಪ್ರಿಲ್‌ನಲ್ಲಿ ಶಾಶ್ವತ ತಡೆ ಕೊಟ್ಟಿತು. ಅಂದಮೇಲೆ ಈ ಕಡಿತ ಜಾರಿಯೇ ಆಗಲಿಲ್ಲ, ಆದರೂ ಪರಿಣಾಮ ಆಯಿತು. ಬಜೆಟ್ ಹಾಕುವವರು ಹೆದರಿ ನೇಮಕಾತಿ ನಿಲ್ಲಿಸಿದರು, ಪಿಎಚ್‌ಡಿ ಸೀಟು ಕಡಿಮೆ ಮಾಡಿದರು. ಯುಮ್ಯಾಸ್ ಚಾನ್ ಮೆಡಿಕಲ್ ಸ್ಕೂಲು 2025ರ ಮಾರ್ಚ್‌ನಲ್ಲಿ ಆ ವರ್ಷದ ಬಯೋಮೆಡಿಕಲ್ ಪಿಎಚ್‌ಡಿ ಆಫರುಗಳನ್ನೇ ಹಿಂದಕ್ಕೆ ಪಡೆಯಿತು. ಆಫರ್ ಕೈಗೆ ಬಂದ ಮೇಲೂ ಹೋಗಬಹುದು ಅನ್ನುವುದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಎರಡನೆಯದು ನಡೆಯುತ್ತಿದ್ದ ಗ್ರಾಂಟುಗಳ ರದ್ದತಿ. ಲಸಿಕೆ ಹಿಂಜರಿಕೆ, ಲಿಂಗತ್ವ, ಜನಾಂಗಗಳ ನಡುವಿನ ಆರೋಗ್ಯ ವ್ಯತ್ಯಾಸ ಮುಂತಾದ ವಿಷಯಗಳ ಗ್ರಾಂಟುಗಳನ್ನು ವಿಷಯ ನೋಡಿ ನಿಲ್ಲಿಸಿದರು. ಇನ್ನು ಕೆಲವನ್ನು ಯೂನಿವರ್ಸಿಟಿ ನೋಡಿ ನಿಲ್ಲಿಸಿದರು: 2025ರ ಮಾರ್ಚ್‌ನಲ್ಲಿ ಕೊಲಂಬಿಯಾದ 40 ಕೋಟಿ ಡಾಲರ್, ಏಪ್ರಿಲ್‌ನಲ್ಲಿ ಹಾರ್ವರ್ಡ್‌ನ 220 ಕೋಟಿ. ಕೊಲಂಬಿಯಾ ಜುಲೈನಲ್ಲಿ ರಾಜಿ ಮಾಡಿಕೊಂಡಿತು. ಹಾರ್ವರ್ಡ್ ಕೋರ್ಟಿಗೆ ಹೋಗಿ ಸೆಪ್ಟೆಂಬರ್‌ನಲ್ಲಿ ಕೆಳಹಂತದಲ್ಲಿ ಗೆದ್ದಿತು. ಆದರೆ ಆಗಸ್ಟ್ 21ರಂದು ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ 5–4 ಮತಗಳಿಂದ, ರದ್ದಾದ ಗ್ರಾಂಟಿನ ಹಣ ಕೇಳುವವರು ಬೇರೆ ವಿಶೇಷ ಕೋರ್ಟಿಗೆ ಹೋಗಬೇಕು ಅಂತ ಹೇಳಿ ರದ್ದತಿಗೆ ದಾರಿ ಬಿಟ್ಟಿತು. ಕೋರ್ಟಿನಲ್ಲಿ ಗೆದ್ದರೂ ದುಡ್ಡು ತಿಂಗಳುಗಳ ನಂತರ ಬರುತ್ತದೆ. ಅಷ್ಟರಲ್ಲಿ ಟೆಕ್ನೀಷಿಯನ್ ಬೇರೆ ಊರಿಗೆ ಹೋಗಿರುತ್ತಾರೆ, ಇಲಿಗಳು ಇರುವುದಿಲ್ಲ.

ಇದರಲ್ಲಿ ನನಗೆ ಅತಿ ಸಂಕಟವೆನಿಸುವುದು ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ಜನರ ಮೇಲೆ ಚಿಕಿತ್ಸೆ ಪರೀಕ್ಷಿಸುವ ಅಧ್ಯಯನಗಳ ವಿಷಯ. 2025ರ ನವೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 383 ಟ್ರಯಲ್‌ಗಳ ಹಣ ನಿಂತಿತ್ತು, ಅವುಗಳಲ್ಲಿ 74,000ಕ್ಕೂ ಹೆಚ್ಚು ಜನ ಸೇರಿದ್ದರು. ತಮ್ಮ ಮೈಯನ್ನು ನಂಬಿ ಒಪ್ಪಿಸಿದ ಜನ ಅವರು. ಅರ್ಧಕ್ಕೆ ನಿಂತ ಟ್ರಯಲ್ಲಿನಿಂದ ಔಷಧಿ ಕೆಲಸ ಮಾಡುತ್ತದೆ ಅಂತಲೂ ಹೇಳಲಾಗುವುದಿಲ್ಲ, ಮಾಡುವುದಿಲ್ಲ ಅಂತಲೂ ಹೇಳಲಾಗುವುದಿಲ್ಲ. ಅಷ್ಟೂ ಜನರ ರಕ್ತ, ಸಮಯ, ಭರವಸೆ ಎಲ್ಲ ವ್ಯರ್ಥ.

ಮೂರನೆಯದು ಸುದ್ದಿಯಲ್ಲಿ ಹೆಚ್ಚು ಕಾಣದ್ದು, ನಿನಗೆ ಎಲ್ಲಕ್ಕಿಂತ ಹತ್ತಿರದ್ದು. ಮೊದಲು ಐದು ವರ್ಷದ ಗ್ರಾಂಟ್ ಕೊಟ್ಟರೆ ಆ ವರ್ಷದ ಬಜೆಟ್‌ನಿಂದ ಒಂದು ವರ್ಷದ ಕಂತು ಮಾತ್ರ ಹೋಗುತ್ತಿತ್ತು. 2025ರ ನಡುಭಾಗದಿಂದ ಬಹಳಷ್ಟು ಹೊಸ ಗ್ರಾಂಟುಗಳಿಗೆ ಎಲ್ಲ ವರ್ಷಗಳ ಹಣವನ್ನೂ ಒಟ್ಟಿಗೆ ಕಟ್ಟಿಡಬೇಕು ಅಂತ ನಿಯಮ ಬಂತು. ವರ್ಷಕ್ಕೆ 5 ಲಕ್ಷದ ಗ್ರಾಂಟ್ ಆದರೆ ಒಂದಕ್ಕೇ 25 ಲಕ್ಷ ಡಾಲರ್ ಈ ವರ್ಷವೇ ಕಟ್ಟಿಹೋಯಿತು, ಅದೇ ದುಡ್ಡಿನಲ್ಲಿ ಐದು ಹೊಸ ಲ್ಯಾಬ್‌ಗಳು ಶುರುವಾಗಬಹುದಿತ್ತು. ಒಟ್ಟು ಬಜೆಟ್ ಕಡಿಮೆಯಾಗದಿದ್ದರೂ ಗೆಲ್ಲುವವರ ಸಂಖ್ಯೆ ಕುಸಿಯುತ್ತದೆ. ಎನ್‌ಐಎಚ್‌ನೊಳಗಿನ ಕ್ಯಾನ್ಸರ್ ಸಂಸ್ಥೆ ಎನ್‌ಸಿಐ 2024ರಲ್ಲಿ ಅಂಕಪಟ್ಟಿಯ ಮೇಲಿನ ನೂರಕ್ಕೆ 10ರ ತನಕ ಹಣ ಕೊಡುತ್ತಿದ್ದದ್ದು 2025ರಲ್ಲಿ ನೂರಕ್ಕೆ 4ಕ್ಕೆ ಇಳಿಯಿತು. ಐದನೆಯ, ಆರನೆಯ ಸ್ಥಾನದ ಅರ್ಜಿಗಳೂ ಒಳ್ಳೆಯ ವಿಜ್ಞಾನವೇ. ಜೊತೆಗೆ ಒಬ್ಬ ಪಿಐ ವರ್ಷಕ್ಕೆ ಆರಕ್ಕಿಂತ ಹೆಚ್ಚು ಅರ್ಜಿ ಹಾಕುವ ಹಾಗಿಲ್ಲ ಅಂತ ಮಿತಿಯೂ ಬಂತು.

2026ಕ್ಕೆ ಅಧ್ಯಕ್ಷರ ಕಡೆಯಿಂದ ಎನ್‌ಐಎಚ್ ಬಜೆಟ್ಟನ್ನು ಸುಮಾರು 2,750 ಕೋಟಿ ಡಾಲರಿಗೆ ಇಳಿಸುವ ಪ್ರಸ್ತಾವ ಬಂದಿತ್ತು, ಹೆಚ್ಚುಕಡಿಮೆ ನೂರಕ್ಕೆ 40ರಷ್ಟು ಕಡಿತ. ಅಮೆರಿಕದ ಸಂಸತ್ತು ಒಪ್ಪಲಿಲ್ಲ, ಮೊತ್ತವನ್ನು ಇದ್ದಲ್ಲೇ ಉಳಿಸಿತು. ಆದ್ದರಿಂದ ಎಲ್ಲ ಮುಚ್ಚಿಹೋಯಿತು ಅನ್ನುವ ಮಾತನ್ನೂ ನಂಬಬೇಡ. ದುಡ್ಡು ಇದೆ. ಯಾರಿಗೆ, ಯಾವಾಗ, ಎಷ್ಟು ದಿನದ ಮಟ್ಟಿಗೆ ಅನ್ನುವ ಭರವಸೆ ಮಾತ್ರ ಮೊದಲಿನ ಹಾಗಿಲ್ಲ.

ಲ್ಯಾಬಿನೊಳಗೆ ಇದು ಕಾಣಿಸಿಕೊಳ್ಳುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲು ಖಾಲಿ ಹುದ್ದೆ ತುಂಬುವುದಿಲ್ಲ. ಆಮೇಲೆ ಮೈಕ್ರೋಸ್ಕೋಪು, ಜೀವಕೋಶ ಬೇರ್ಪಡಿಸುವ ಸೆಲ್ ಸಾರ್ಟರುಗಳ ವಾರ್ಷಿಕ ಸರ್ವೀಸ್ ಒಪ್ಪಂದ ನವೀಕರಿಸುವುದಿಲ್ಲ, ಲೇಸರ್ ಕೆಟ್ಟರೆ ತಿಂಗಳುಗಟ್ಟಲೆ ಕೆಟ್ಟೇ ಇರುತ್ತದೆ. ಆಮೇಲೆ ಇಲಿಗಳು. ಪ್ರಾಣಿಗೃಹದಲ್ಲಿ ಪ್ರತಿ ಪಂಜರಕ್ಕೂ ದಿನಬಾಡಿಗೆ ಇದೆ, 300 ಪಂಜರ ಇಟ್ಟವರು 80ಕ್ಕೆ ಇಳಿಸುತ್ತಾರೆ. ಇಲಿ ಗಬ್ಬ ಮೂರು ವಾರ, ಮರಿ ಬೆಳೆದು ಜೋಡಿ ಕಟ್ಟಲು ಆರರಿಂದ ಎಂಟು ವಾರ, ಎರಡು ಮೂರು ಜೀನ್ ಬದಲಾವಣೆ ಕೂಡಿದ ತಳಿ ಕಟ್ಟಲು ಮುಕ್ಕಾಲು ವರ್ಷ ಹಿಡಿಯುತ್ತದೆ. ವೀರ್ಯ ಫ್ರೀಜ್ ಮಾಡಿ ಇಟ್ಟಿದ್ದರೆ ಮತ್ತೆ ಎಬ್ಬಿಸಬಹುದು, ಅದಕ್ಕೂ ತಿಂಗಳುಗಳು ಬೇಕು. ಇಡದೆ ತಳಿ ತೆಗೆದುಬಿಟ್ಟರೆ ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಕೆಲಸ ಅಲ್ಲಿಗೇ ಮುಗಿಯಿತು. ನಂತರದ ಸರದಿ ಟೆಕ್ನೀಷಿಯನ್‌ದು, ಆಮೇಲೆ ಪೋಸ್ಟ್‌ಡಾಕ್‌ದು. ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕೊನೆಗೆ ಮುಟ್ಟುತ್ತಾರೆ, ಯಾಕೆಂದರೆ ಅವರ ಹೊಣೆ ಪ್ರೋಗ್ರಾಮಿನ ಮೇಲೂ ಇರುತ್ತದೆ. ಇದು ನಿನ್ನ ಪಾಲಿಗೆ ಒಳ್ಳೆಯದು, ಭಾವನವರ ಪಾಲಿಗಲ್ಲ.

ನಮ್ಮಂಥ ವಿದೇಶಿಯರಿಗೆ ಒಂದು ಹೆಚ್ಚಿನ ತೊಡಕಿದೆ. ಎನ್‌ಐಎಚ್ ನೇರವಾಗಿ ವಿದ್ಯಾರ್ಥಿಗಳಿಗೆ ಕೊಡುವ ಎಫ್31, ಯೂನಿವರ್ಸಿಟಿಯ ಮೂಲಕ ಕೊಡುವ ಟಿ32 ತರಬೇತಿ ಹಣ, ಎರಡೂ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದ ನಿನಗೆ ಸ್ಟೈಪೆಂಡ್ ಬರಬಹುದಾದ ದಾರಿಗಳು ಪಿಐಯ ಗ್ರಾಂಟ್, ಯೂನಿವರ್ಸಿಟಿಯ ಸ್ವಂತ ಹಣ, ಪಾಠ ಹೇಳುವ ಕೆಲಸ, ಅಥವಾ ವಿದೇಶಿಯರಿಗೂ ಕೊಡುವ ಖಾಸಗಿ ಸಂಸ್ಥೆಗಳ ಫೆಲೋಶಿಪ್. ಮೆಡಿಕಲ್ ಸ್ಕೂಲಿನಲ್ಲಿ ಪಾಠದ ಕೆಲಸ ಕಡಿಮೆ. ಹಾಗಾಗಿ ನೀನು ಸೇರುವ ಪಿಐಯ ಗ್ರಾಂಟ್ ಎಷ್ಟು ಗಟ್ಟಿಯೋ ನೀನೂ ಅಷ್ಟೇ ಗಟ್ಟಿ. ಒಂದೇ ಗ್ರಾಂಟ್ ಇರುವ ಲ್ಯಾಬ್ ಅಂದರೆ ಒಂದೇ ಕೊಳವೆಬಾವಿ ನಂಬಿ ನಮ್ಮ ಕಡೆ ಟೊಮೆಟೊ ಹಾಕಿದ ಹಾಗೆ.

ಈ ಗಟ್ಟಿತನವನ್ನು ಚಿಂತಾಮಣಿಯಲ್ಲಿ ಕೂತೇ ಪರೀಕ್ಷೆ ಮಾಡಬಹುದು. ಎನ್‌ಐಎಚ್ ರಿಪೋರ್ಟರ್ ಅಂತ ಒಂದು ಸಾರ್ವಜನಿಕ ಜಾಲತಾಣ ಇದೆ, ಕಾಸು ಕೊಡಬೇಕಿಲ್ಲ, ಲಾಗಿನ್ ಬೇಡ. ಪಿಐ ಹೆಸರು, ಯೂನಿವರ್ಸಿಟಿ ಹಾಕಿ ಹುಡುಕು, ಚಾಲ್ತಿ ಇರುವ ಪ್ರಾಜೆಕ್ಟ್ ಮಾತ್ರ ತೋರಿಸುವಂತೆ ಆಯ್ಕೆ ಮಾಡು. ಪ್ರತಿ ಗ್ರಾಂಟಿಗೂ ಒಂದು ಸಂಖ್ಯೆ ಇರುತ್ತದೆ. ಮೊದಲ ಅಂಕಿ 1 ಅಂದರೆ ಹೊಸ ಗ್ರಾಂಟ್, 2 ಅಂದರೆ ಸ್ಪರ್ಧಿಸಿ ಮತ್ತೆ ಗೆದ್ದದ್ದು, 5 ಅಂದರೆ ಮಧ್ಯದ ವರ್ಷದ ಮಾಮೂಲು ಕಂತು. ಆಮೇಲೆ ಆರ್01, ಆರ್21 ಅಂತ ಬಗೆ. ಆಮೇಲೆ ಎರಡಕ್ಷರ, ಎನ್‌ಐಎಚ್‌ನೊಳಗಿನ ಯಾವ ಸಂಸ್ಥೆ ಅನ್ನುವುದಕ್ಕೆ: ಸಿಎ ಕ್ಯಾನ್ಸರ್, ಎಚ್‌ಎಲ್ ಹೃದಯ ಮತ್ತು ಶ್ವಾಸಕೋಶ, ಎಜಿ ವೃದ್ಧಾಪ್ಯ, ಎಐ ಸೋಂಕು ಮತ್ತು ಅಲರ್ಜಿ, ಎನ್‌ಎಸ್ ನರರೋಗ. ಕೊನೆಯಲ್ಲಿ ಅಡ್ಡಗೆರೆಯ ನಂತರ 03 ಅಂತಿದ್ದರೆ ಮೂರನೇ ವರ್ಷ ನಡೆಯುತ್ತಿದೆ. ಪ್ರಾಜೆಕ್ಟ್ ಮುಗಿಯುವ ತಾರೀಖೂ ಅಲ್ಲೇ ಇದೆ. ಬಜೆಟ್ ಮುಗಿಯುವ ತಾರೀಖು ಅಂತ ಇನ್ನೊಂದು ಇರುತ್ತದೆ, ಅದು ಈ ಕಂತಿನದು, ಅದನ್ನು ನೋಡಿ ಗಾಬರಿಯಾಗಬೇಡ.

ಎರಡು ಆರ್01 ಇದ್ದು ಅವುಗಳಲ್ಲಿ ಒಂದಕ್ಕಾದರೂ ಇನ್ನು ಮೂರು ವರ್ಷ ಆಯುಸ್ಸು ಇದ್ದರೆ ಧೈರ್ಯವಾಗಿ ಯೋಚಿಸಬಹುದು. ಒಂದೇ ಇದ್ದು ಅದೂ 04 ಅಥವಾ 05ಕ್ಕೆ ಬಂದಿದ್ದರೆ ನೀನು ಸೇರಿ ಕೆಲಸ ಕಲಿಯುವಷ್ಟರಲ್ಲಿ ಮುಗಿದಿರುತ್ತದೆ. ಮುಗಿಯುವ ತಾರೀಖು ಒಂದು ವರ್ಷ ಮುಂದಕ್ಕೆ ಹೋಗಿದ್ದರೆ ಅದು ಹೊಸ ಹಣವಿಲ್ಲದ ವಿಸ್ತರಣೆ ಇರಬಹುದು, ಉಳಿದ ಚೂರುಪಾರನ್ನು ಇನ್ನೊಂದು ವರ್ಷ ಎಳೆಯುತ್ತಿದ್ದಾರೆ ಅಂತ ಅರ್ಥ. ಹೊಸದಾಗಿ ಸೇರಿದ ಪಿಐಗಳಿಗೆ ಆರ್01 ಇಲ್ಲದಿದ್ದರೂ ಯೂನಿವರ್ಸಿಟಿ ಕೊಟ್ಟ ಆರಂಭಿಕ ಹಣ ಇರುತ್ತದೆ, ಅದು ಈ ಜಾಲತಾಣದಲ್ಲಿ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಎನ್‌ಐಎಚ್ ಬಿಟ್ಟು ಬೇರೆ ಮೂಲ ಇದೆಯಾ ಅನ್ನುವುದನ್ನೂ ನೋಡು. ಟೆಕ್ಸಾಸ್‌ನಲ್ಲಿ ಕ್ಯಾನ್ಸರ್ ಸಂಶೋಧನೆಗೆ ರಾಜ್ಯದ್ದೇ ಸಂಸ್ಥೆ ಇದೆ, ಸಿಪ್ರಿಟ್, ಮತದಾರರು 2007ರಲ್ಲಿ 300 ಕೋಟಿ, 2019ರಲ್ಲಿ ಇನ್ನೂ 300 ಕೋಟಿ ಡಾಲರ್ ಒಪ್ಪಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡಕೋಶ ಸಂಶೋಧನೆಗೆ 2004ರಲ್ಲಿ 300 ಕೋಟಿ, 2020ರಲ್ಲಿ 550 ಕೋಟಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಹೊವಾರ್ಡ್ ಹ್ಯೂಸ್ ಇಂಥ ಖಾಸಗಿ ಸಂಸ್ಥೆಗಳ ಹಣವಿರುವ ಲ್ಯಾಬ್ ವಾಷಿಂಗ್ಟನ್ನಿನ ಒಂದು ಆದೇಶಕ್ಕೆ ಅಷ್ಟು ಬೇಗ ಅಲುಗಾಡುವುದಿಲ್ಲ.

ಆಮೇಲೆ ಆಫರ್ ಪತ್ರವನ್ನು ಸಾಲು ಸಾಲಾಗಿ ಓದು. ಎಷ್ಟು ವರ್ಷದ ಸ್ಟೈಪೆಂಡ್ ಅಂತ ಬರೆದಿದ್ದಾರೆ? ಐದು ವರ್ಷ ಅಥವಾ ಪದವಿ ಮುಗಿಯುವ ತನಕ ಅಂತ ಇದ್ದರೆ ಒಳ್ಳೆಯದು. ‘ಹಣದ ಲಭ್ಯತೆಗೆ ಒಳಪಟ್ಟು’ ಅನ್ನುವ ಅರ್ಥದ ಮಾತು ಇದ್ದರೆ ಪ್ರೋಗ್ರಾಂ ಡೈರೆಕ್ಟರಿಗೆ ಇಮೇಲ್ ಬರೆದು ಕೇಳು: ಪಿಐ ಗ್ರಾಂಟ್ ನಿಂತರೆ ಪ್ರೋಗ್ರಾಂ ಎಷ್ಟು ತಿಂಗಳು ಸ್ಟೈಪೆಂಡ್ ಮತ್ತು ಫೀಸು ಎರಡನ್ನೂ ಭರಿಸುತ್ತದೆ? 2025ರಿಂದ ಈಚೆಗೆ ಲ್ಯಾಬ್ ಬದಲಿಸಬೇಕಾಗಿ ಬಂದ ವಿದ್ಯಾರ್ಥಿಗಳಿಗೆ ಏನು ವ್ಯವಸ್ಥೆ ಮಾಡಿದಿರಿ? ಈ ವರ್ಷ ಎಷ್ಟು ಲ್ಯಾಬ್‌ಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಸ್ಥಿತಿಯಲ್ಲಿವೆ? ಸಂಕೋಚ ಬೇಡ, ಅಲ್ಲಿ ದುಡ್ಡಿನ ಪ್ರಶ್ನೆ ಕೇಳುವುದು ಮರ್ಯಾದೆಗೆಟ್ಟ ಕೆಲಸ ಅಲ್ಲ. ಫೋನಿನಲ್ಲಿ ಉತ್ತರ ಕೊಟ್ಟರೆ, ಹೀಗೆ ಹೇಳಿದಿರಿ ಅಂತ ನೀನೇ ಇಮೇಲ್ ಬರೆದು ಖಚಿತ ಮಾಡಿಕೋ. ಏಪ್ರಿಲ್ 15ರ ತನಕ ಉತ್ತರಿಸಲು ವಿದ್ಯಾರ್ಥಿಗೆ ಸಮಯ ಕೊಡುವ ಒಪ್ಪಂದಕ್ಕೆ ಬಹುಪಾಲು ಯೂನಿವರ್ಸಿಟಿಗಳು ಸಹಿ ಹಾಕಿವೆ, ಅವಸರ ಮಾಡಿದರೆ ಅದನ್ನು ನೆನಪಿಸು.

ಸೇರಿದ ಮೇಲೆ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಎಂಟು ಹತ್ತು ವಾರ ಕೆಲಸ ಮಾಡಿ ನೋಡಲು ಬಿಡುತ್ತಾರೆ, ರೊಟೇಶನ್ ಅಂತ. ಅಲ್ಲಿ ವಿಜ್ಞಾನದ ಜೊತೆ ಇನ್ನೂ ಕೆಲವು ಗಮನಿಸು: ಸಾಮಾನು ಆರ್ಡರ್ ಮಾಡಲು ಪ್ರತಿ ಸಲ ಪಿಐ ಒಪ್ಪಿಗೆ ಕಾಯಬೇಕಾ, ಕಳೆದ ವರ್ಷ ಹೋದ ಟೆಕ್ನೀಷಿಯನ್ ಜಾಗಕ್ಕೆ ಯಾರಾದರೂ ಬಂದರಾ, ಹಿರಿಯ ವಿದ್ಯಾರ್ಥಿಗಳು ಆರೇಳು ವರ್ಷವಾದರೂ ಮುಗಿಸದೆ ಕೂತಿದ್ದಾರಾ. ಹಿರಿಯರನ್ನು ಪಿಐ ಇಲ್ಲದ ಹೊತ್ತಿನಲ್ಲಿ ಕೇಳು, ಹೇಳುತ್ತಾರೆ.

ವೀಸಾ ವಿಷಯದಲ್ಲಿ ನಿನಗೆ ಧೈರ್ಯ ಹೇಳುವ ಮಾತು ಒಂದಿದೆ. ಪಿಎಚ್‌ಡಿ ವಿದ್ಯಾರ್ಥಿಯ ಎಫ್-1 ಸ್ಥಿತಿ ನಿಂತಿರುವುದು ಕೋರ್ಸಿಗೆ ದಾಖಲಾಗಿರುವುದರ ಮೇಲೆ. ಲ್ಯಾಬ್ ಮುಚ್ಚಿದರೂ ಯೂನಿವರ್ಸಿಟಿಯಲ್ಲಿ ಪೂರ್ಣಾವಧಿ ವಿದ್ಯಾರ್ಥಿಯಾಗಿ ಉಳಿದಿರುವ ತನಕ ವೀಸಾ ಸ್ಥಿತಿ ಕೆಡುವುದಿಲ್ಲ. ಆದ್ದರಿಂದ ಅಂಥ ಪರಿಸ್ಥಿತಿ ಬಂದರೆ ಬೇಸರದಲ್ಲಿ ತಾನಾಗಿ ದಾಖಲಾತಿ ಬಿಡುವ ಕೆಲಸ ಮಾಡಬೇಡ, ಮೊದಲು ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗು. ಪದವಿ ಮುಗಿದ ಮೇಲೆ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ, ವಿಜ್ಞಾನ ಪದವಿಗೆ ಇನ್ನೂ 24 ತಿಂಗಳು. ಆ ಮೂರು ವರ್ಷದಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 150 ದಾಟಬಾರದು, ಮೊದಲ 12 ತಿಂಗಳಲ್ಲಿ 90. ವಿದ್ಯಾರ್ಥಿಗಳು ಒಮ್ಮೆಗೆ ಗರಿಷ್ಠ ನಾಲ್ಕು ವರ್ಷ ಮಾತ್ರ ಇರಬಹುದು, ಆಮೇಲೆ ವಿಸ್ತರಣೆ ಕೇಳಬೇಕು ಅನ್ನುವ ಪ್ರಸ್ತಾವವನ್ನು 2025ರ ಆಗಸ್ಟ್‌ನಲ್ಲಿ ಹೊರಡಿಸಿದ್ದಾರೆ. ಪಿಎಚ್‌ಡಿಗೆ ಐದಾರು ವರ್ಷ ಬೇಕು, ಹಾಗಾಗಿ ಹೊರಡುವ ಮುಂಚೆ ಅದೇ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೋ.

ಭಾವನವರಿಗೆ ಹೇಳಬೇಕಾದದ್ದು ಸ್ವಲ್ಪ ಗಡುಸು. ಪೋಸ್ಟ್‌ಡಾಕ್ ಕೆಲಸ ಸಾಮಾನ್ಯವಾಗಿ ವರ್ಷ ವರ್ಷ ನವೀಕರಿಸುವ ನೇಮಕ, ಪೂರ್ತಿ ಪಿಐ ಗ್ರಾಂಟಿನ ಮೇಲೆ. 2025ರ ಸೆಪ್ಟೆಂಬರ್ 21ರಿಂದ ಹೊರದೇಶದಲ್ಲಿರುವವರಿಗೆ ಹಾಕುವ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಆದೇಶವಾಗಿದೆ, ಯೂನಿವರ್ಸಿಟಿಗಳಿಗೂ ಒಟ್ಟಾರೆ ವಿನಾಯಿತಿ ಕೊಡಲಿಲ್ಲ. ಆದ್ದರಿಂದ ಬರುವುದಾದರೆ ಜೆ-1, ಅಂದರೆ ವಿನಿಮಯ ವೀಸಾದಲ್ಲಿ ಬರುವುದೇ ದಾರಿ. ಜೆ-1 ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ವಾಪಸ್ ಹೋಗಲೇಬೇಕು ಅನ್ನುವ ಷರತ್ತಿಗೆ ಕಾರಣವಾಗುತ್ತಿದ್ದ ಕೌಶಲ ಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ತೆಗೆದಿದ್ದಾರೆ. ಸರ್ಕಾರ ವಿನಿಮಯಕ್ಕೆಂದೇ ಕೊಟ್ಟ ಹಣದಲ್ಲಿ ಬಂದವರಿಗೆ ಷರತ್ತು ಇನ್ನೂ ಇದೆ, ವೀಸಾ ಮೇಲೆ ಏನು ಬರೆದಿದೆ ನೋಡಿಕೊಳ್ಳಲಿ. ಜೆ-1 ಸಂಶೋಧಕರಿಗೆ ಒಟ್ಟು ಐದು ವರ್ಷ. ಬೇರೆ ಯೂನಿವರ್ಸಿಟಿಗೆ ವರ್ಗಾವಣೆ ಸಾಧ್ಯ, ಆದರೆ ಪ್ರೋಗ್ರಾಂ ಚಾಲ್ತಿಯಲ್ಲಿ ಇರುವಾಗಲೇ ಆಗಬೇಕು. ಒಮ್ಮೆ ಮುಗಿಸಿ ಹೊರಬಿದ್ದರೆ ಅದೇ ವರ್ಗದಲ್ಲಿ ಮತ್ತೆ ಬರಲು 24 ತಿಂಗಳು ಕಾಯಬೇಕು. ಮುಗಿದ ಮೇಲೆ ದೇಶ ಬಿಡಲು ಸಿಗುವ ಗಡುವು 30 ದಿನ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಇದು ಏನೂ ಸಾಲದು. ಹಾಗಾಗಿ ಅವರು ಪಿಐ ಹತ್ತಿರ ಕೇಳಬೇಕಾದದ್ದು, ನನ್ನ ಸಂಬಳ ಯಾವ ಗ್ರಾಂಟ್ ಸಂಖ್ಯೆಯ ಮೇಲೆ, ಅದು ಯಾವ ತಿಂಗಳು ಮುಗಿಯುತ್ತದೆ, ಜೆ-1 ವೀಸಾಕ್ಕೆ ಬೇಕಾದ ಡಿಎಸ್-2019 ಪತ್ರ ಎಷ್ಟು ವರ್ಷಕ್ಕೆ ಕೊಡುತ್ತೀರಿ. ಎರಡು ವರ್ಷಕ್ಕಿಂತ ಕಡಿಮೆ ಅಂದರೆ ಒಪ್ಪಬಾರದು ಅಂತ ನನ್ನ ಅಭಿಪ್ರಾಯ. ಒಂದು ಅನುಕೂಲವೂ ಇದೆ: ಕೆ99 ಅನ್ನುವ ಎನ್‌ಐಎಚ್ ಗ್ರಾಂಟಿಗೆ ವಿದೇಶಿ ಪೋಸ್ಟ್‌ಡಾಕ್‌ಗಳೂ ಅರ್ಜಿ ಹಾಕಬಹುದು, ಸಿಕ್ಕರೆ ಸ್ವಂತ ಲ್ಯಾಬಿಗೆ ದಾರಿ. ಬಂದ ಮೊದಲ ವರ್ಷದಿಂದಲೇ ಅದರ ತಯಾರಿ ಮಾಡಿಕೊಳ್ಳಲಿ.

ಊರಿನಲ್ಲೇ ಉಳಿದರೆ ಏನು ಅಂತಲೂ ಯೋಚಿಸು, ಅದನ್ನು ಸೋಲು ಅಂದುಕೊಳ್ಳಬೇಡ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನುವ ಫೆಲೋಶಿಪ್‌ಗೆ ಆಯ್ಕೆಯಾದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000, ಮನೆಬಾಡಿಗೆ ಬೇರೆ. ಬೆಂಗಳೂರಿನಲ್ಲಿ ಐಐಎಸ್‌ಸಿ, ಎನ್‌ಸಿಬಿಎಸ್, ಇನ್‌ಸ್ಟೆಮ್, ನಿಮ್ಹಾನ್ಸ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಎಲ್ಲ ನಿಮ್ಮ ಮನೆಯಿಂದ ಎರಡು ಮೂರು ಗಂಟೆಯೊಳಗೆ. ಅಲ್ಲೂ ದುಡ್ಡಿನ ತೊಂದರೆ ಇದೆ: ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ನೂರಕ್ಕೆ 0.64 ಮಾತ್ರ, ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗುತ್ತದೆ. ಆದರೆ ವೀಸಾ ಗಡುವಿನ ಭಯ ಇರುವುದಿಲ್ಲ.

ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಏನು ನಡೆಯುತ್ತಿದೆ ಗೊತ್ತಾ? ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಅಲ್ಲಿನ ಹಳ್ಳಿಗಳ 45 ದಾಟಿದ 10,000 ಜನರನ್ನು ಗುರಿಯಾಗಿಟ್ಟು, ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೆ ಅಂತ ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ರಕ್ತ, ನೆನಪಿನ ಪರೀಕ್ಷೆ, ಮೆದುಳಿನ ಎಂಆರ್‌ಐ, ಮತ್ತೆ ಮತ್ತೆ. ಪ್ರತೀಕ್ಷಾ ಟ್ರಸ್ಟಿನ ದೇಣಿಗೆಯಿಂದ ಹುಟ್ಟಿದ ಕೇಂದ್ರ ಅದು. ಇಂಥ ಅಧ್ಯಯನದಲ್ಲಿ ಒಂದು ಸುತ್ತಿನ ಭೇಟಿ ತಪ್ಪಿದರೆ ಆಮೇಲೆ ಎಷ್ಟು ಕೋಟಿ ಸುರಿದರೂ ಆ ವರ್ಷದ ರಕ್ತ ಸಿಗುವುದಿಲ್ಲ. ಹಣ ನಿಂತರೆ ಏನಾಗುತ್ತದೆ ಅಂತ ಅಪ್ಪನಿಗೆ ವಿವರಿಸಬೇಕಾದರೆ ಇದನ್ನೇ ಹೇಳು. ಎನ್‌ಐಎಚ್ 2025ರ ಮೇ 1ರಂದು, ಅಮೆರಿಕದ ಗ್ರಾಂಟಿನೊಳಗಿಂದ ಹೊರದೇಶದ ಸಂಸ್ಥೆಗಳಿಗೆ ಹೊಸದಾಗಿ ಉಪಗ್ರಾಂಟ್ ಕೊಡುವುದನ್ನು ಹೊಸ ವ್ಯವಸ್ಥೆ ಬರುವ ತನಕ ನಿಲ್ಲಿಸುವುದಾಗಿ ಹೇಳಿತು. ಭಾರತದ ಮೆಡಿಕಲ್ ಕಾಲೇಜುಗಳ ಎಷ್ಟೋ ಕ್ಷೇತ್ರಕಾರ್ಯಕರ್ತರ ಸಂಬಳ ಬರುವುದು ಅಂಥ ಉಪಗ್ರಾಂಟುಗಳಿಂದ. ನಿನಗೆ ಊರಿನ ಕಡೆ ಯಾರಾದರೂ ಪ್ರಾಜೆಕ್ಟ್ ಕೆಲಸ ಕೊಟ್ಟರೆ ಅದರ ಹಣ ನಮ್ಮ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ದಾ, ಟ್ರಸ್ಟಿನದಾ, ಅಮೆರಿಕದ್ದಾ ಅಂತ ಅಲ್ಲೂ ಕೇಳು.

ನನ್ನ ಸಲಹೆ ಇಷ್ಟು: ಮಾಸ್ಟರ್ಸ್ ಸೀಟು ಬಿಡು. ಪಿಎಚ್‌ಡಿ ಸೀಟಿಗೆ, ಪತ್ರದಲ್ಲಿ ಐದು ವರ್ಷದ ಮಾತು ಇದ್ದು, ನಿನಗೆ ಇಷ್ಟವಾದ ವಿಷಯದಲ್ಲಿ ಕನಿಷ್ಠ ಮೂರು ಲ್ಯಾಬುಗಳ ಗ್ರಾಂಟ್ 2028ರ ಆಚೆಗೂ ಇದ್ದರೆ ಬಾ. ಒಂದೇ ಲ್ಯಾಬ್ ನಂಬಿ ಬರಬೇಡ. ನೆಟ್ ಪರೀಕ್ಷೆಗೂ ಈಗಲೇ ಅರ್ಜಿ ಹಾಕಿಡು, ಆಫರ್ ಹಿಂದಕ್ಕೆ ಹೋದರೆ ಒಂದು ವರ್ಷ ಖಾಲಿ ಕೂರುವುದು ತಪ್ಪುತ್ತದೆ. ವೀಸಾ ಸಂದರ್ಶನಕ್ಕೆ ಚೆನ್ನೈಯೋ ಹೈದರಾಬಾದೋ ಬೇಗ ದಿನ ಸಿಗುವ ಕಡೆ ತೆಗೆದುಕೋ, ಆದರೆ ವಿದ್ಯಾರ್ಥಿ ವೀಸಾದ ನೋಂದಣಿಗೆ ಕಟ್ಟುವ ಸೆವಿಸ್ ಶುಲ್ಕದ 350 ಡಾಲರ್ ಕಟ್ಟುವ ಮೊದಲು ಪ್ರೋಗ್ರಾಂ ಡೈರೆಕ್ಟರಿಂದ ಲಿಖಿತ ಉತ್ತರ ಕೈಗೆ ಬಂದಿರಲಿ. ಪಿಐಗಳ ಹೆಸರು ಹಾಕಿ ಸಿಕ್ಕ ಗ್ರಾಂಟ್ ಸಂಖ್ಯೆಗಳನ್ನೂ, ಪತ್ರದಲ್ಲಿ ಹಣದ ವಿಷಯ ಬರೆದಿರುವ ಪ್ಯಾರಾವನ್ನೂ ನಕಲು ಮಾಡಿ ಕಳಿಸು. ಓದಿ, ಯಾವ ಸಾಲಿನ ಬಗ್ಗೆ ಮತ್ತೆ ಪ್ರಶ್ನೆ ಕೇಳಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.